ಎಸ್‌ಎಸ್ ಶಾಫ್ಟಿಗೆ ಮನೆ ಲೇತಿನಲ್ಲಿ ಸ್ಪ್ಲೈನ್ ಹಾಕಲಿಕ್ಕೆ ಆಗುತ್ತದಾ?

ಮುಳ್ಳೇರಿಯ ತೋಟ:
ನಮಸ್ಕಾರ ಎಲ್ಲರಿಗೂ. ಅಡಿಕೆಗೆ ಬಿಡುವ ಬೋರ್ಡೋ (ಮೈಲುತುತ್ತು, ಸುಣ್ಣದ ಮದ್ದು) ಕಲಸಲಿಕ್ಕೆ ಡ್ರಮ್ಮಿನ ಮೇಲೆ ಕೂರುವ ಒಂದು ಮೆಷಿನ್ ನಮ್ಮಲ್ಲಿ ಉಂಟು. 200 ಲೀಟರ್ ಡ್ರಮ್, 1 ಎಚ್‌ಪಿ ಮೋಟರ್, ಗುಜರಿಯಿಂದ ತಂದ ಗೇರ್‌ಬಾಕ್ಸ್, ಅದರಿಂದ ಕೆಳಗೆ 900 ಮಿಮೀ ಉದ್ದದ ಶಾಫ್ಟ್, ತುದಿಯಲ್ಲಿ ರೆಕ್ಕೆ. ತಿರುಗುವುದು ನಿಮಿಷಕ್ಕೆ 150 ಸುತ್ತು. ಶಾಫ್ಟ್ ಸಾದಾ ಕಬ್ಬಿಣದ್ದು, ಅದೇ ತಲೆನೋವು. ಮೈಲುತುತ್ತು ಕಬ್ಬಿಣವನ್ನು ಏನು ಮಾಡುತ್ತದೆ ಅಂತ ಅಡಿಕೆಯವರಿಗೆ ಹೇಳಬೇಕಾಗಿಲ್ಲ. ಸುಣ್ಣ ಸಾಕಾಯಿತಾ ಅಂತ ನೋಡಲಿಕ್ಕೆ ನಾವು ಕತ್ತಿಯ ಅಲಗನ್ನೇ ಅದ್ದುವುದಲ್ವಾ, ಕೆಂಪು ಹಿಡಿದರೆ ಇನ್ನೂ ಸುಣ್ಣ ಬೇಕು ಅಂತ ಲೆಕ್ಕ. ಈ ಶಾಫ್ಟಿನದ್ದು ಪ್ರತಿ ಮಳೆಗಾಲ ಅದೇ ಕಥೆ. ತಾಮ್ರ ಹಿಡಿಯುತ್ತದೆ, ಅದರಡಿಯಲ್ಲಿ ಕಬ್ಬಿಣ ಗುಂಡಿ ಬೀಳುತ್ತದೆ.

ಈಗ 304 ಗ್ರೇಡ್ ಅಂತ ಹೇಳಿ ಕೊಟ್ಟ 32 ಮಿಮೀ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ರಾಡ್ ಸಿಕ್ಕಿದೆ. ಗೇರ್‌ಬಾಕ್ಸಿನ ಔಟ್‌ಪುಟ್ ಟೊಳ್ಳು, ಒಳಗೆ 6 ಗ್ರೂವ್. ಅದರಲ್ಲಿ ಕೂರುವ 6 ಉದ್ದ ಹಲ್ಲು, ಅಂದರೆ ಸ್ಪ್ಲೈನ್, ಶಾಫ್ಟಿನ ತುದಿಗೆ ಬೇಕು. ವರ್ನಿಯರ್ ಹಿಡಿದು ನೋಡಿದರೆ ಒಳ ವ್ಯಾಸ 26, ಗ್ರೂವಿನ ತಳ 30, ಗ್ರೂವಿನ ಅಗಲ 6. ಈ ಟೊಳ್ಳು ಭಾಗದ, ಅಂದರೆ ಹಬ್ಬಿನ, ಒಟ್ಟು ಉದ್ದ 60. ನನ್ನ ಹತ್ತಿರ ಇರುವುದು ನಾಲ್ಕೂವರೆ ಅಡಿ ಲೇತ್, ಡ್ರಿಲ್ಲಿಂಗ್ ಮೆಷಿನ್, ಗ್ರೈಂಡರ್, ವೆಲ್ಡಿಂಗ್. ಮಿಲ್ಲಿಂಗ್ ಇಲ್ಲ. ಹೊರಗೆ ಕೊಡಬಹುದು, ಆದರೆ ಒಂದೇ ಒಂದು ಪೀಸ್ ಅಂದ ಕೂಡಲೇ ಯಾರೂ ಮುಖ ಕೊಟ್ಟು ಮಾತಾಡುವುದಿಲ್ಲ.

ಉಪ್ಪಳ ದೋಣಿ:
ನಮ್ಮ ಕಡೆ ದೋಣಿಯ ಫ್ಯಾನ್ ಶಾಫ್ಟೆಲ್ಲ ಎಸ್‌ಎಸ್ಸೇ, ಆದರೆ ಟೇಪರ್ ಮತ್ತು ಕೀ. ಸ್ಪ್ಲೈನ್ ಹಾಕಿದ್ದು ನೋಡಿಲ್ಲ. 1 ಎಚ್‌ಪಿಗೆ ಸ್ಪ್ಲೈನ್ ಯಾಕೆ ಮಾರಾಯ್ರೇ? ಒಂದು ಕೀವೇ (ಕೀ ಅನ್ನುವ ಲೋಹದ ತುಂಡು ಕೂರುವ ಗ್ರೂವ್) ಹೊಡೆದು ಬಿಡಿ.

ಮುಳ್ಳೇರಿಯ ತೋಟ:
ಕೀ ಹಾಕಬೇಕಾದರೆ ಗೇರ್‌ಬಾಕ್ಸಿನ ಹಬ್ಬನ್ನೇ ಬದಲಿಸಬೇಕು. ಹಬ್ ಗೇರಿನ ಜೊತೆ ಒಂದೇ ತುಂಡು.

ಹೊಸೂರು ಟೂಲ್‌ರೂಮ್:
ಸರ್, ನಿಮ್ಮ ಅಳತೆ ನೋಡಿ ಖುಷಿಯಾಯಿತು. 6×26×30, ಹಲ್ಲಿನ ಅಗಲ 6, ಇದು ಸ್ಪ್ಲೈನ್ ಅಳತೆಗಳ ಸ್ಟ್ಯಾಂಡರ್ಡ್ ಐಎಸ್‌ಒ 14ರ ಲೈಟ್ ಸೀರೀಸ್‌ನಲ್ಲಿ ಇರುವ ಸೈಜೇ. ನೇರ ಪಕ್ಕದ ಸ್ಪ್ಲೈನ್, ಇನ್‌ವೊಲ್ಯೂಟ್ (ಬಾಗಿದ ಪಕ್ಕದ್ದು) ಅಲ್ಲ. ಹಾಗಾಗಿ ಹಲ್ಲಿನ ಆಕಾರಕ್ಕೇ ಮಾಡಿದ ಹಾಬ್, ಫಾರ್ಮ್ ಕಟರ್‌ನಂಥ ವಿಶೇಷ ಕಟರ್ ಯಾವುದೂ ಬೇಕಾಗಿಲ್ಲ. ಮನೆಯಲ್ಲಿ ಆಗುವ ಕೆಲಸವೇ.

ಶಕ್ತಿಯ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಡಿ. 1 ಎಚ್‌ಪಿ ಅಂದರೆ 0.746 ಕಿಲೋವ್ಯಾಟ್, 150 ಸುತ್ತಿಗೆ ಟಾರ್ಕ್ ಸುಮಾರು 47 ನ್ಯೂಟನ್ ಮೀಟರ್. 26ರ ಶಾಫ್ಟಿನ ಮೇಲೆ ತಿರುಚುವ ಒತ್ತಡ 14 ಮೆಗಾಪಾಸ್ಕಲ್ ಆಸುಪಾಸು. ಮೆತ್ತಗಿನ 304ರ ಯೀಲ್ಡೇ (ಲೋಹ ವಾಪಸ್ ಬರದ ಹಾಗೆ ಬಾಗಲು ಶುರುವಾಗುವ ಒತ್ತಡ) 200ರ ಮೇಲಿದೆ. ಹಲ್ಲಿನ ಪಕ್ಕಕ್ಕೆ ಬೀಳುವ ಒತ್ತಡ, 40 ಮಿಮೀ ಉದ್ದ ಕೂತರೆ, ಇನ್ನೂ ಕಡಿಮೆ. ಆರರಲ್ಲಿ ಎರಡೇ ಹಲ್ಲು ಭಾರ ಹೊತ್ತರೂ ನಡೆಯುತ್ತದೆ. ಅಂದರೆ ನಿಮಗೆ ಬೇಕಾದದ್ದು ಗಟ್ಟಿ ಸ್ಪ್ಲೈನ್ ಅಲ್ಲ. ಸರಿಯಾಗಿ ಕೂರುವ, ಮತ್ತೆ ಬಿಚ್ಚಲು ಬರುವ ಸ್ಪ್ಲೈನ್.

ಇನ್ನು ರಾಡ್. ಗುಜರಿಯಲ್ಲಿ 304 ಅಂತ 202 ಕೊಡುವುದು ಮಾಮೂಲು. ಮ್ಯಾಗ್ನೆಟ್ ಇಟ್ಟು ನೋಡಿದೆ, ಹಿಡಿಯಲಿಲ್ಲ, ಹಾಗಾಗಿ 304 ಅಂತ ಯಾರಾದರೂ ಹೇಳಿದರೆ ನಂಬಬೇಡಿ. 202 ಕೂಡ ಹಿಡಿಯುವುದಿಲ್ಲ. ಉಲ್ಟಾ, ಎಳೆದು ಮಾಡಿದ ಒಳ್ಳೆಯ 304 ಬ್ರೈಟ್ ಬಾರ್ ಸ್ವಲ್ಪ ಹಿಡಿಯಲೂಬಹುದು. 202ರಲ್ಲಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿರುತ್ತಾರೆ. ತುಕ್ಕು ತಡೆಯುವುದು ಕಡಿಮೆ, ಕಟರ್ ಕೆಳಗೆ ಗಟ್ಟಿಯಾಗುವುದು ಜಾಸ್ತಿ, ಎರಡೂ ನಿಮಗೆ ನಷ್ಟ. ಎಸ್‌ಎಸ್ ಅಂಗಡಿಗಳಲ್ಲಿ ಒಂದು ಹನಿ ದ್ರಾವಣ ಹಾಕಿ ಬಣ್ಣ ನೋಡುವ ಕಿಟ್ ಇರುತ್ತದೆ, ಒಂದು ತುಂಡು ಒಯ್ದು ನೋಡಿಸಿ.

ಪೆರ್ಲದ ಫಿಟ್ಟರ್:
ಮಿಲ್ಲಿಂಗ್ ಇಲ್ಲದಿದ್ದರೆ ಏನಂತೆ, ಲೇತಿನಲ್ಲೇ ಕೆತ್ತಬಹುದು. ಟೂಲನ್ನು ಅಡ್ಡ ಕಟ್ಟಿ, ಚಕ್ ಲಾಕ್ ಮಾಡಿ, ಟೂಲ್ ಹೊತ್ತ ಕ್ಯಾರೇಜ್ ಹಿಂದೆ ಮುಂದೆ ಓಡಿಸುವುದು. ಕೀವೇ ಎಷ್ಟೋ ಸಲ ಹಾಗೆಯೇ ಹಾಕಿದ್ದೇನೆ.

ಹೊಸೂರು ಟೂಲ್‌ರೂಮ್:
ಮೈಲ್ಡ್ ಸ್ಟೀಲಿಗೆ ಸರಿ. 304ಕ್ಕೆ ಹಾಗೆ ಮಾಡಬೇಡಿ ಅಂತ ನಾನು ಹೇಳುತ್ತೇನೆ. ಲೇತಿನಲ್ಲಿ ಕೈಯಿಂದ ಕೆತ್ತುವಾಗ ಸ್ಟ್ರೋಕಿಗೆ 0.02, 0.03 ತೆಗೆಯುತ್ತೀರಿ. ಎಸ್‌ಎಸ್‌ಗೆ ಅದು ಕತ್ತರಿಸುವುದಲ್ಲ, ಉಜ್ಜುವುದು. ಉಜ್ಜಿದ ಜಾಗದ ಚರ್ಮ ಗಟ್ಟಿಯಾಗುತ್ತದೆ. ಮುಂದಿನ ಸ್ಟ್ರೋಕಿನಲ್ಲಿ ಟೂಲ್ ಆ ಗಟ್ಟಿ ಚರ್ಮದ ಮೇಲೇ ಜಾರುತ್ತದೆ, ಅದು ಇನ್ನೂ ಗಟ್ಟಿಯಾಗುತ್ತದೆ. ಕೊನೆಗೆ ಟೂಲ್ ಮೂಗು ಹೋಗುತ್ತದೆ, ಇಲ್ಲ ಕ್ಯಾರೇಜಿನ ರ‍್ಯಾಕ್ ಹಲ್ಲು ಹೋಗುತ್ತದೆ. ಎಸ್‌ಎಸ್‌ನಲ್ಲಿ ಒಂದೇ ನಿಯಮ: ಟೂಲ್ ತಾಗಿದರೆ ಕತ್ತರಿಸಬೇಕು, ಇಲ್ಲವಾದರೆ ತಾಗಲೇಬಾರದು.

ಪೆರ್ಲದ ಫಿಟ್ಟರ್:
0.1 ಕೊಟ್ಟರೆ?

ಹೊಸೂರು ಟೂಲ್‌ರೂಮ್:
0.1 ಕೊಟ್ಟು, ಟೂಲ್ ಅಗಲ 3ಕ್ಕಿಂತ ಕಡಿಮೆ ಇಟ್ಟು, ವಾಪಸ್ ಬರುವಾಗ ಟೂಲ್ ಪೂರ್ತಿ ಹಿಂದಕ್ಕೆ ಎಳೆದುಕೊಂಡರೆ ಆಗಬಹುದು. ಆದರೆ ಲೆಕ್ಕ ಹಾಕಿ ನೋಡಿ. ಆಳ ಸುಮಾರು 2 ಮಿಮೀ, ಹಲ್ಲು ಹಲ್ಲಿನ ನಡುವಿನ ಜಾಗ ತಳದಲ್ಲಿ ಏಳೂವರೆ ಮಿಮೀ, ಅಂಥವು ಆರು. ನೂರಾರು ಸ್ಟ್ರೋಕ್. ತೋಳು ಬಿದ್ದುಹೋಗುತ್ತದೆ.

ಇಚಲಕರಂಜಿ ಶೇಪರ್:
ಅಣ್ಣಾರ, ಅದಕ್ಕೇ ಶೇಪರ್ ಅಂತ ಒಂದು ಮೆಷಿನ್ ಇರುತ್ತದೆ ನೋಡ್ರಿ. ಈಗ ಯಾರಿಗೂ ಬೇಡ, ಕಿಲೋ ಲೆಕ್ಕದಾಗ ಮಾರುತ್ತಾರೆ. ನಮ್ಮಲ್ಲಿ ಪಂಪ್ ಶಾಫ್ಟ್ ಎಸ್‌ಎಸ್‌ನವು ಭಾಳ ಬರುತ್ತವೆ, ಒಂದೆರಡು ಪೀಸ್ ಇದ್ದರೆ ನಾನು ಶೇಪರ್ ಮ್ಯಾಲೇ ಹಾಕುತ್ತೇನೆ. ಕ್ಲ್ಯಾಪರ್ ಬಾಕ್ಸ್ ಇರುತ್ತದಲ್ಲ, ವಾಪಸ್ ಬರುವಾಗ ಟೂಲ್ ತಾನೇ ಎದ್ದುಕೊಳ್ಳುತ್ತದೆ, ಉಜ್ಜುವ ಮಾತೇ ಇಲ್ಲ. ಟೂಲ್ ಕೋಬಾಲ್ಟ್ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಇರಲಿ. ಕಾರ್ಬೈಡ್ ಶೇಪರ್‌ಗೆ ಬ್ಯಾಡ, ಪ್ರತಿ ಸ್ಟ್ರೋಕಿಗೂ ಏಟು ಬೀಳುತ್ತದೆ, ಚಕ್ಕೆ ಹಾರುತ್ತದೆ.

ಅಕ್ಕಲಕೋಟ ವೆಲ್ಡರ್:
ಎಲ್ಲರೂ ದೊಡ್ಡ ದಾರಿ ಹಿಡಿದಿದ್ದೀರಿ. ಡ್ರಮ್ಮಿನ ಮೇಲೆ ಇರುವ ಭಾಗಕ್ಕೆ ಎಸ್‌ಎಸ್ ಯಾಕೆ ಬೇಕು? ಹಳೇ ಶಾಫ್ಟಿನ ಸ್ಪ್ಲೈನ್ ತುದಿ ಒಂದು ಗೇಣು ಕತ್ತರಿಸಿ, ಕೆಳಗೆ ಎಸ್‌ಎಸ್ ರಾಡ್ ಕೂಡಿಸಿರಿ. 309 ರಾಡಿನಿಂದ ಎಸ್‌ಎಸ್ ಮತ್ತು ಕಬ್ಬಿಣ ಎರಡೂ ಚಲೋ ಹಿಡಿಯುತ್ತವೆ. ಇಲ್ಲವಾದರೆ ಎಸ್‌ಎಸ್ ತುದಿಯಲ್ಲಿ ತೂತು ಕೊರೆದು ಒಳಗೆ ಒತ್ತಿ ಪಿನ್ ಹಾಕಿರಿ.

ಹೊಸೂರು ಟೂಲ್‌ರೂಮ್:
ಇದು ಒಳ್ಳೆಯ ಮಾತು. ಹಳೇ ಸ್ಪ್ಲೈನ್ ಚೆನ್ನಾಗಿದ್ದರೆ ನಾನೂ ಇದನ್ನೇ ಹೇಳುತ್ತಿದ್ದೆ. ವೆಲ್ಡ್‌ಗಿಂತ ಒತ್ತಿ ಪಿನ್ ಹಾಕುವುದು ಮೇಲು. ಮುಗಿದ ಸ್ಪ್ಲೈನ್ ಹತ್ತಿರ ವೆಲ್ಡ್ ಮಾಡಿದರೆ ಸೊಟ್ಟ ಬರುತ್ತದೆ, ಕೆಳಗೆ 900 ಮಿಮೀ ಹೋಗುವಷ್ಟರಲ್ಲಿ ರೆಕ್ಕೆ ಕುಣಿಯುತ್ತದೆ.

ಮುಳ್ಳೇರಿಯ ತೋಟ:
ಹಳೇ ಸ್ಪ್ಲೈನ್ ಚೆನ್ನಾಗಿಲ್ಲ ಅಣ್ಣ, ಅದೇ ಕಷ್ಟ. ಕಲಸುವಾಗ ಎದ್ದ ಹನಿ ಹಬ್ಬಿನ ಬಾಯಿಗೆ ಹೋಗಿ ಒಳಗೆಲ್ಲ ತುಕ್ಕು. ಕಳೆದ ವರ್ಷ ಬಿಚ್ಚಲಿಕ್ಕೆ ಸುತ್ತಿಗೆಯಲ್ಲಿ ಹೊಡೆದು ಹೊಡೆದು ತೆಗೆದದ್ದು. ಹಲ್ಲಿನ ಪಕ್ಕ ಎಲ್ಲ ಗುಂಡಿ ಬಿದ್ದಿದೆ. ಹಬ್ ಮಾತ್ರ ಗಟ್ಟಿ ಮಾಡಿದ್ದು, ಉಜ್ಜಿ ತೊಳೆದರೆ ಒಳಗೆ ಚೆನ್ನಾಗಿಯೇ ಉಂಟು. ಹಾಗಾಗಿ ಶಾಫ್ಟ್ ಪೂರ್ತಿ ಎಸ್‌ಎಸ್ಸೇ ಮಾಡುವುದು ಅಂತ. ಮತ್ತೆ, ಸತ್ಯ ಹೇಳುವುದಾದರೆ, ಒಮ್ಮೆ ಸ್ಪ್ಲೈನ್ ಹಾಕಿ ನೋಡಬೇಕು ಅಂತ ಆಸೆಯೂ ಉಂಟು.

ಹೊಸೂರು ಟೂಲ್‌ರೂಮ್:
ಆಸೆ ಇದ್ದರೆ ಸರಿ, ಮಾಡೋಣ. ಲೇತಿನ ಮೇಲೆ ಮಿಲ್ಲಿಂಗ್ ಕಟರ್ ತಿರುಗಿಸುವ ಏರ್ಪಾಟು ಮಾಡಿಕೊಳ್ಳಬೇಕು. ಶಾಫ್ಟ್ ಚಕ್ ಮತ್ತು ಸೆಂಟರ್ ನಡುವೆ ನಿಂತಿರುತ್ತದೆ, ಕಟರ್ ಕ್ರಾಸ್ ಸ್ಲೈಡ್ ಮೇಲೆ ಮಲಗಿ ತಿರುಗುತ್ತದೆ. ಆರ್ಬರ್ (ಕಟರ್ ಕೂರುವ ದಂಡ) ನೇರ ಮೇಲಕ್ಕೆ ನಿಲ್ಲಬೇಕು, ಬುಡದಲ್ಲಿ ಒಂದು ವರ್ಮ್ ಗೇರ್‌ಬಾಕ್ಸ್, ಅದಕ್ಕೆ ಅರ್ಧ ಎಚ್‌ಪಿ ಮೋಟರ್. ವರ್ಮ್ ಯಾಕೆ ಅಂದರೆ ವೇಗ ತುಂಬಾ ಕಡಿಮೆ ಬೇಕು. 63 ಮಿಮೀ ಎಚ್‌ಎಸ್‌ಎಸ್ ಕಟರ್, 304ಕ್ಕೆ ನಿಮಿಷಕ್ಕೆ 12 ಮೀಟರ್ ಹಿಡಿದರೆ 60 ಸುತ್ತು. ಡ್ರಿಲ್ಲಿಂಗ್ ಮೆಷಿನ್ ತಲೆ ಕಟ್ಟಿ 400, 500ರಲ್ಲಿ ಓಡಿಸಿದರೆ ಕಟರ್ ಒಂದು ಹಲ್ಲು ಮುಗಿಯುವುದರೊಳಗೆ ನೀಲಿಯಾಗುತ್ತದೆ.

ಕಟರ್ ಒಂದಲ್ಲ, ಎರಡು ಹಾಕಿ. ಎರಡು ಸೈಡ್ ಅಂಡ್ ಫೇಸ್ ಕಟರ್, ನಡುವೆ 6 ಮಿಮೀ ಸ್ಪೇಸರ್. ಒಂದು ಪಾಸಿನಲ್ಲಿ ಒಂದು ಹಲ್ಲಿನ ಎರಡೂ ಪಕ್ಕ ಬರುತ್ತದೆ, ಹಲ್ಲಿನ ಅಗಲವನ್ನು ಸ್ಪೇಸರೇ ನಿರ್ಧಾರ ಮಾಡುತ್ತದೆ. ನೀವು ಪ್ರತಿ ಸಲ ಅಳೆದು ಸರಿಸಬೇಕಾಗಿಲ್ಲ. ಸ್ಪೇಸರ್ 5.95ಕ್ಕೆ ಗ್ರೈಂಡ್ ಮಾಡಿಕೊಳ್ಳಿ. ಕಟರ್ ಸ್ವಲ್ಪ ಕುಣಿಯುತ್ತದೆ, ಎಷ್ಟು ಅಗಲ ಬಂತು ಅಂತ ಮೊದಲು ಒಂದು ಅಲ್ಯೂಮಿನಿಯಂ ತುಂಡಿನ ಮೇಲೆ ನೋಡಿ, ಆಮೇಲೆ ತೆಳು ಶಿಮ್ ಸೇರಿಸಿ ಸರಿ ಮಾಡಿ.

ಮುಳ್ಳೇರಿಯ ತೋಟ:
ಆಳ ಎಷ್ಟು ಕೊಡುವುದು? 30ರಲ್ಲಿ 26 ಕಳೆದು ಅರ್ಧ, 2 ಅಲ್ವಾ?

ಹೊಸೂರು ಟೂಲ್‌ರೂಮ್:
ಅಲ್ಲ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಿ. ಮೊದಲನೆಯದು, ಶಾಫ್ಟಿನ ಹೊರ ವ್ಯಾಸ 30 ಇಡಬೇಡಿ. ಈ ಜಾತಿಯ ಸ್ಪ್ಲೈನ್ ಕೂರುವುದು ಒಳಗಿನ 26ರ ಮೇಲೆ, ಹೊರಗಿನ 30 ಎಲ್ಲೂ ತಾಗಬಾರದು. 29.6ಕ್ಕೆ ಇಳಿಸಿ. ಅಂದರೆ ತ್ರಿಜ್ಯ 14.8.

ಇನ್ನು ಆಳ. ಹಲ್ಲಿನ ಪಕ್ಕ ಶಾಫ್ಟಿನ ನಡುಗೆರೆಯಿಂದ 3 ಮಿಮೀ ದೂರದಲ್ಲಿದೆ. ಆ ಪಕ್ಕ 13ರ ತ್ರಿಜ್ಯದ ವೃತ್ತವನ್ನು ಮುಟ್ಟುವ ಜಾಗ ನಡುವಿನಿಂದ 13 ದೂರ ಇಲ್ಲ. 13ರ ವರ್ಗದಲ್ಲಿ 3ರ ವರ್ಗ ಕಳೆದು ವರ್ಗಮೂಲ ತೆಗೆಯಿರಿ, 12.65. ಕಟರ್ ತುದಿ ಅಲ್ಲಿಯವರೆಗೆ ಹೋಗಬೇಕು. ಶಾಫ್ಟಿನ ನೆತ್ತಿಯಿಂದ ಎಣಿಸಿದರೆ 2.15. 1.8ಕ್ಕೆ ನಿಲ್ಲಿಸಿದರೆ ಹಲ್ಲಿನ ಬುಡದಲ್ಲಿ ಒಂದು ಮೂಲೆ ಉಳಿಯುತ್ತದೆ, ಹಬ್ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಜನ ಅದನ್ನು ಗೊತ್ತಾಗದೆ ಹಲ್ಲಿನ ಪಕ್ಕ ಅರ ಹಾಕುತ್ತಾ ಕೂರುತ್ತಾರೆ. ಆದರೆ ಗಮನವಿರಲಿ, ಜೋಡಿ ಕಟರ್ ಮೊದಲು ತಾಗುವುದು ನೆತ್ತಿಗೆ ಅಲ್ಲ, 3 ಮಿಮೀ ಪಕ್ಕದಲ್ಲಿ. ಕಟರ್ ತಾಗಿಸಿ ಸೊನ್ನೆ ಹಿಡಿದರೆ ಅಲ್ಲಿಂದ 1.84. ಎಲ್ಲಿಂದ ಎಣಿಸುತ್ತಿದ್ದೀರಿ ಅನ್ನುವುದರ ಮೇಲಿದೆ. ನಾನಾದರೆ ಇನ್ನೊಂದು 0.1 ಜಾಸ್ತಿ ಕೊಡುತ್ತೇನೆ, ಹಬ್ಬಿನ ಮೂಲೆಗೆ ಜಾಗವಾಗುತ್ತದೆ.

ಆಳ ಒಂದೇ ಪಾಸಿನಲ್ಲಿ ತೆಗೆಯಿರಿ. ಎರಡು ಮೂರು ಪಾಸ್ ಮಾಡಿದರೆ ಪ್ರತಿ ಸಲವೂ ಹಿಂದಿನ ಪಾಸ್ ಗಟ್ಟಿ ಮಾಡಿದ ಚರ್ಮವನ್ನೇ ಕತ್ತರಿಸಬೇಕು.

ತಾಳವಾಡಿ:
ಜೋಡಿ ಕಟರ್ ಹೋದ ಮೇಲೆ ಎರಡು ಹಲ್ಲಿನ ನಡುವೆ ಉಬ್ಬು ಉಳಿಯುವುದಿಲ್ವಾ?

ಹೊಸೂರು ಟೂಲ್‌ರೂಮ್:
ಉಳಿಯುತ್ತದೆ. ಡಿವೈಡಿಂಗ್ ಹೆಡ್ (ಶಾಫ್ಟನ್ನು ಬೇಕಾದ ಕೋನಕ್ಕೆ ಸರಿಯಾಗಿ ತಿರುಗಿಸುವ ಸಾಧನ) ಇದ್ದವರು 3 ಮಿಮೀ ಸ್ಲಿಟಿಂಗ್ ಸಾ ನಡುಗೆರೆಗೆ ಕಟ್ಟಿ, ನೆತ್ತಿಯಿಂದ 1.8 ಆಳಕ್ಕೆ, ಎರಡೆರಡು ಡಿಗ್ರಿ ತಿರುಗಿಸುತ್ತಾ ತೆಗೆಯುತ್ತಾರೆ. ಗ್ರೂವಿನ ನಡುವಿನಿಂದ ಎರಡೂ ಕಡೆಗೆ 10 ಡಿಗ್ರಿ ಹೋದರೆ ಸಾಕು, ತಳ ಹೆಚ್ಚುಕಮ್ಮಿ ದುಂಡಗೇ ಬರುತ್ತದೆ. 40ಕ್ಕೆ 1ರ ಹೆಡ್ಡಿನಲ್ಲಿ 18 ತೂತಿನ ಪ್ಲೇಟ್ ಹಾಕಿಕೊಂಡರೆ 6 ಹಲ್ಲಿಗೆ 6 ಸುತ್ತು 12 ತೂತು, 2 ಡಿಗ್ರಿಗೆ 4 ತೂತು. ಎರಡಕ್ಕೂ ಒಂದೇ ಪ್ಲೇಟ್. ಮುಳ್ಳೇರಿಯದವರ ಹತ್ತಿರ ಹೆಡ್ ಇಲ್ಲ, ಅವರಿಗೆ ಬೇರೆ ದಾರಿ ಯೋಚಿಸಬೇಕು.

ಪೆರ್ಲದ ಫಿಟ್ಟರ್:
ಆ ದಾರಿ ನಾನು ಹೇಳುತ್ತೇನೆ. ಹಬ್ ಉದ್ದ 60 ಅಂತ ಹೇಳಿದರಲ್ಲ. ಸ್ಪ್ಲೈನ್ 40 ಸಾಕು. ತುದಿಯ 20 ಮಿಮೀಯನ್ನು ಸಾದಾ ದುಂಡಗೆ 26ಕ್ಕೆ ತಿರುಗಿಸಿಬಿಡಿ, ಹಬ್ಬಿನ ಒಳಗೆ ಪ್ಲೇ ಇಲ್ಲದೆ ಕೂರುವ ಹಾಗೆ. ಹಬ್ಬಿನ 26ರ ಮೇಲೆ ಶಾಫ್ಟನ್ನು ನಡುವೆ ಹಿಡಿಯುವುದು ಆ ದುಂಡು ತುದಿ. ಹಲ್ಲು ಬರೇ ತಿರುಗಿಸುವ ಕೆಲಸ ಮಾಡುತ್ತದೆ. ಆಗ ಗ್ರೂವಿನ ತಳ ಎಷ್ಟು ಚಂದ ಬಂತು ಅಂತ ಯಾರೂ ನೋಡಬೇಕಾಗಿಲ್ಲ, 26ಕ್ಕಿಂತ ಸ್ವಲ್ಪ ಒಳಗೇ ಹೋದರೂ ಪರವಾಗಿಲ್ಲ. ನಡುವಿನ ಉಬ್ಬನ್ನು ಕಟರಿನಿಂದ ಎಷ್ಟು ಬರುತ್ತದೋ ಅಷ್ಟು ತೆಗೆದು ಉಳಿದದ್ದಕ್ಕೆ ಅರ ಹಾಕಿ.

ಆರು ಭಾಗ ಮಾಡಲಿಕ್ಕೆ ಹೆಡ್ ಬೇಡ. ಲೇತಿನ ಚೇಂಜ್ ಗೇರಿನಲ್ಲಿ 60 ಹಲ್ಲಿನದ್ದು ಇರುತ್ತದೆ, ಹತ್ತು ಹಲ್ಲಿಗೆ ಒಂದು ಸ್ಥಾನ. ಅದನ್ನು ಸ್ಪಿಂಡಲ್ಲಿನ ಹಿಂಬದಿಯ ತೂತಿಗೆ ಒಂದು ಹಿಗ್ಗುವ ಮ್ಯಾಂಡ್ರೆಲ್ ಮಾಡಿ ಕಟ್ಟಿ. ಟಂಬ್ಲರ್ ಗೇರ್ ದಾಟಿ ಸ್ಟಡ್ಡಿನ ಮೇಲೆ ಹಾಕಬೇಡಿ, ನಡುವಿನ ಎಲ್ಲ ಪ್ಲೇ ಬಂದು ಸೇರುತ್ತದೆ.

ಹೊಸೂರು ಟೂಲ್‌ರೂಮ್:
ಪೆರ್ಲದವರೇ, ದುಂಡು ತುದಿಯ ಐಡಿಯಾ ಬಹಳ ಚೆನ್ನಾಗಿದೆ. ನನ್ನ ಸ್ಲಿಟಿಂಗ್ ಸಾ ಕಥೆಯನ್ನು ಇವರು ಬಿಟ್ಟುಬಿಡಬಹುದು. ಜೋಡಿ ಕಟರ್ ಆ 26ರ ಮೇಲೆ ಹಾದು ಬರುವಾಗ ಕೂದಲೆಳೆಯಷ್ಟು ಗೀರು ಬೀಳುತ್ತದೆ, ಅದರಿಂದ ತೊಂದರೆ ಏನಿಲ್ಲ. 60 ಹಲ್ಲಿನ ಗೇರ್ 2 ಮಾಡ್ಯೂಲ್ ಆದರೆ ತ್ರಿಜ್ಯ 60. ಲಾಕ್ ಪಿನ್ನಿನಲ್ಲಿ 0.05 ಪ್ಲೇ ಇದ್ದರೂ 14ರ ತ್ರಿಜ್ಯದಲ್ಲಿ ಅದು 0.012ಕ್ಕೆ ಇಳಿಯುತ್ತದೆ. ಆದರೆ ಆ ಪಿನ್ ಸ್ಥಾನ ತೋರಿಸಲು ಮಾತ್ರ. ಕಟರ್ ಏಟನ್ನು ತಡೆಯಲು ಚಕ್ಕನ್ನು ಬೇರೆಯಾಗಿ ಬಿಗಿಯಬೇಕು, ಬೆಡ್ ಮತ್ತು ಚಕ್ ನಡುವೆ ಮರದ ಬೆಣೆ ಹೊಡೆದರೂ ಆಗುತ್ತದೆ.

ಜೋಡಿ ಕಟರಿನ ನಡು ಲೇತ್ ಸೆಂಟರ್ ಎತ್ತರಕ್ಕೆ ಸರಿಯಾಗಿ ಇರಬೇಕು. ಇಲ್ಲವಾದರೆ ಹಲ್ಲು ಒಂದು ಕಡೆಗೆ ವಾಲುತ್ತದೆ. ನೋಡುವುದು ಸುಲಭ. ಅಲ್ಯೂಮಿನಿಯಂ ತುಂಡಿನ ಮೇಲೆ ಒಂದು ಹಲ್ಲು ಕಡಿದು, ಅದು ನಿಮ್ಮ ಕಡೆ ಮುಖ ಮಾಡಿರುವಾಗ ಮೇಲಿನ ಪಕ್ಕಕ್ಕೆ ಡಯಲ್ ಇಟ್ಟು ಸೊನ್ನೆ ಮಾಡಿ. 180 ಡಿಗ್ರಿ ತಿರುಗಿಸಿ. ಈಗ ಹಲ್ಲು ಆ ಕಡೆ ಹೋಗಿದೆ, ಕೆಳಗಿದ್ದ ಪಕ್ಕ ಮೇಲೆ ಬಂದಿದೆ. ಅಲ್ಲಿ ಡಯಲ್ ಎಷ್ಟು ತೋರಿಸುತ್ತದೋ ಅದರ ಅರ್ಧದಷ್ಟು ಶಿಮ್ ಹಾಕಬೇಕು, ಇಲ್ಲ ತೆಗೆಯಬೇಕು.

ಇಚಲಕರಂಜಿ ಶೇಪರ್:
ಫೀಡ್ ಹ್ಯಾಂಗ ಕೊಡುತ್ತಾರ? ಲೇತ್ ಸ್ಪಿಂಡಲ್ ನಿಂತೇ ಇರುತ್ತದಲ್ಲ, ಆಟೋ ಫೀಡ್ ಬರುವುದಿಲ್ಲ.

ಮುಳ್ಳೇರಿಯ ತೋಟ:
ಅಯ್ಯೋ ಹೌದಲ್ಲ. ಅದು ಹೊಳೆದೇ ಇರಲಿಲ್ಲ.

ಹೊಸೂರು ಟೂಲ್‌ರೂಮ್:
ಕ್ಯಾರೇಜ್ ಚಕ್ರದಿಂದ ಕೈಯಲ್ಲಿ ಕೊಡಬೇಡಿ, ಒಂದೇ ಸಮ ಬರುವುದಿಲ್ಲ. ನಿಂತ ಜಾಗದಲ್ಲಿ ಕಟರ್ ಉಜ್ಜುತ್ತದೆ. ಲೀಡ್ ಸ್ಕ್ರೂ ತುದಿಗೆ ಒಂದು ಹಿಡಿ ಕಟ್ಟಿ, ಕ್ಯಾರೇಜನ್ನು ಆ ಸ್ಕ್ರೂಗೆ ಹಿಡಿಸುವ ಹಾಫ್ ನಟ್ ಹಾಕಿಕೊಳ್ಳಿ. 16 ಹಲ್ಲಿನ ಕಟರ್, 60 ಸುತ್ತು, ಹಲ್ಲಿಗೆ 0.04 ಅಂದರೆ ನಿಮಿಷಕ್ಕೆ 38 ಮಿಮೀ. ನಿಮ್ಮ ಲೀಡ್ ಸ್ಕ್ರೂ ಇಂಚಿಗೆ 4 ಎಳೆಯದ್ದಾದರೆ ಒಂದು ಸುತ್ತಿಗೆ 6.35 ಮಿಮೀ, ಅಲ್ಲಿಗೆ ನಿಮಿಷಕ್ಕೆ 6 ಸುತ್ತು. ಗೋಡೆ ಗಡಿಯಾರ ಎದುರಿಗೆ ಇಟ್ಟುಕೊಂಡು 10 ಸೆಕೆಂಡಿಗೆ ಒಂದು ಸುತ್ತು ತಿರುಗಿಸಿ. ನಡುವೆ ಫೋನ್ ಬಂದರೆ ಎತ್ತಬೇಡಿ.

ಇಚಲಕರಂಜಿ ಶೇಪರ್:
ಕಟರ್ ಯಾವ ಕಡೆ ತಿರುಗಬೇಕು? ನಾನು ಎದುರು ಫೀಡೇ ಕೊಡುತ್ತೇನೆ.

ಹೊಸೂರು ಟೂಲ್‌ರೂಮ್:
ಪುಸ್ತಕ ಕೇಳಿದರೆ ಎಸ್‌ಎಸ್‌ಗೆ ಕ್ಲೈಂಬ್, ಅಂದರೆ ಎದುರು ಫೀಡಿನ ಉಲ್ಟಾ. ಎದುರು ಫೀಡಿನಲ್ಲಿ ಹಲ್ಲು ಸೊನ್ನೆ ದಪ್ಪದಿಂದ ಶುರು ಮಾಡುತ್ತದೆ, ಕಚ್ಚುವ ಮೊದಲು ಸ್ವಲ್ಪ ಉಜ್ಜಿಯೇ ಉಜ್ಜುತ್ತದೆ. ಕ್ಲೈಂಬಿನಲ್ಲಿ ದಪ್ಪ ಚಿಪ್ಸಿನಿಂದ ಶುರು, ತೆಳುವಾಗಿ ಮುಗಿಯುತ್ತದೆ. ಆದರೆ ಹಳೇ ಲೇತಿನ ಹಾಫ್ ನಟ್ಟಿನಲ್ಲಿ ಪ್ಲೇ ಇರುತ್ತದೆ, ಕ್ಲೈಂಬ್ ಮಾಡಿದರೆ ಕಟರ್ ಕ್ಯಾರೇಜನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ಹಲ್ಲು ಮುರಿಯುತ್ತದೆ. ಹಾಗಾಗಿ ಮನೆ ಮೆಷಿನ್‌ಗೆ ಎದುರು ಫೀಡೇ ಸರಿ ಅಂತ ನನ್ನ ಅಭಿಪ್ರಾಯ. ಫೀಡ್ ಕಡಿಮೆ ಮಾಡದಿದ್ದರೆ ಆಯಿತು.

ಪೆರ್ಲದ ಫಿಟ್ಟರ್:
ನಾನು ಒಪ್ಪುವುದಿಲ್ಲ. ಕ್ಯಾರೇಜಿಗೆ ಹಗ್ಗ ಕಟ್ಟಿ ರಾಟೆ ಮೇಲಿಂದ ತೂಕ ಇಳಿಬಿಟ್ಟರೆ ಪ್ಲೇ ಒಂದೇ ಕಡೆ ನಿಲ್ಲುತ್ತದೆ. ಕ್ಲೈಂಬ್ ಆರಾಮ ಮಾಡಬಹುದು.

ಹೊಸೂರು ಟೂಲ್‌ರೂಮ್:
ಕಟರ್ ಎಳೆತಕ್ಕಿಂತ ತೂಕದ ಎಳೆತ ಜಾಸ್ತಿ ಇದ್ದರೆ ಆಗುತ್ತದೆ. ಅದೂ ಒಂದು ದಾರಿ. ನನಗೆ ಧೈರ್ಯವಿಲ್ಲ ಅಷ್ಟೆ.

ಉಪ್ಪಳ ದೋಣಿ:
ಕಟಿಂಗ್ ಆಯಿಲ್ ಬದಲು ತೆಂಗಿನೆಣ್ಣೆ ಆಗುತ್ತದಾ? ಎಸ್‌ಎಸ್‌ಗೆ ಟ್ಯಾಪ್ ಹಾಕುವಾಗ ನಾವು ಅದನ್ನೇ ಬಿಡುವುದು.

ಪೆರ್ಲದ ಫಿಟ್ಟರ್:
ಆಗುತ್ತದೆ, ಆದರೆ ಈಗಿನ ರೇಟಿಗೆ ತೆಂಗಿನೆಣ್ಣೆ ಕಟರಿಗೆ ಬಿಟ್ಟದ್ದು ಮನೆಯಲ್ಲಿ ಗೊತ್ತಾದರೆ ಮಧ್ಯಾಹ್ನ ಊಟ ಸಿಗಲಿಕ್ಕಿಲ್ಲ. ಗಂಧಕ ಇರುವ ನೀಟ್ ಕಟಿಂಗ್ ಆಯಿಲ್ ಒಂದು ಲೀಟರ್ ತನ್ನಿ, ನೀರು ಬೆರೆಸದೆ ಬಿಡಿ.

ತಾಳವಾಡಿ:
ನನಗೆ ಇದರ ಉಲ್ಟಾ ಕೆಲಸ. ಅರಿಶಿನ ಪಾಲಿಶ್ ಡ್ರಮ್ಮಿಗೆ ಸ್ಪ್ಲೈನ್ ಹಬ್ ಬೇಕು, ಶಾಫ್ಟ್ ಇನ್ನೂ ಮಾಡಿಲ್ಲ. ಹಬ್ ಒಳಗೆ ಹೇಗೆ ಕಡಿಯುವುದು?

ಹೊಸೂರು ಟೂಲ್‌ರೂಮ್:
ಕಡಿಯಬೇಡಿ, ಕೊಂಡುಕೊಳ್ಳಿ. ಟ್ರ್ಯಾಕ್ಟರ್ ಪಿಟಿಒಗೆ (ಬೇರೆ ಯಂತ್ರ ಓಡಿಸಲು ಹಿಂದೆ ಇರುವ ಶಾಫ್ಟಿಗೆ) ಬರುವ 6 ಹಲ್ಲಿನ ಸ್ಲೀವ್ ಸ್ಪೇರ್ಸ್ ಅಂಗಡಿಯಲ್ಲಿ ಸಿಗುತ್ತದೆ. ಒಂದೂ ಮುಕ್ಕಾಲು ಅಲ್ಲ, ಒಂದು ಇಂಚು ಮೂರು ಎಂಟಾಂಶದ್ದು, ಅಂದರೆ ಸುಮಾರು 35 ಮಿಮೀ, 540 ಸುತ್ತಿನ ಪಿಟಿಒದ್ದು. ಅದನ್ನು ತಂದು ಒಳಗೆ ಅಳತೆ ತೆಗೆದು ಶಾಫ್ಟನ್ನು ಅದಕ್ಕೆ ಹೊಂದಿಸಿ. ಮನೆಯಲ್ಲಿ ಯಾವಾಗಲೂ ಹೊರಗಿನ ಹಲ್ಲು ಸುಲಭ, ಒಳಗಿನದು ಕಷ್ಟ. ಒಳಗಿನದು ಸಿದ್ಧ ಸಿಗುವ ಹಾಗೆ ಡಿಸೈನ್ ಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಮುಳ್ಳೇರಿಯ ತೋಟ:
ಎಲ್ಲರಿಗೂ ಥ್ಯಾಂಕ್ಸ್. ಕೆಲಸ ಆಯಿತು, ಹೇಗೆ ಆಯಿತು ಅಂತ ಬರೆಯುತ್ತೇನೆ.

ರಾಡ್ ಟೆಸ್ಟ್ ಮಾಡಿಸಿದೆ, 304 ಅಂತಲೇ ಬಂತು, ಅದೃಷ್ಟ. ಕಟರ್ 63ರದ್ದು, ಕೋಬಾಲ್ಟ್ ಸಿಗಲಿಲ್ಲ, ಸಾದಾ ಎಚ್‌ಎಸ್‌ಎಸ್. ವರ್ಮ್ ಗೇರ್‌ಬಾಕ್ಸ್ ಗುಜರಿಯದ್ದೇ. ಆರ್ಬರ್ ಮೇಲಿನ ತುದಿಗೂ ಒಂದು ಬೇರಿಂಗ್ ಕೊಟ್ಟೆ, ಬುಡದಲ್ಲಿ ಮಾತ್ರ ಹಿಡಿದಾಗ ಅಲ್ಯೂಮಿನಿಯಂ ಮೇಲೂ ಕಟರ್ ನಡುಗುತ್ತಿತ್ತು. ಶಾಫ್ಟಿನ ಹಿಂದೆ, ಕಟರಿನ ಎದುರು ಕಡೆ, ಹಿತ್ತಾಳೆಯ ಒಂದು ತುಂಡನ್ನು ಸ್ಟೆಡಿ ಹಾಗೆ ತಾಗಿಸಿ ಇಟ್ಟೆ. ಎದುರು ಫೀಡ್.

ಕಟರ್ ಕಚ್ಚುವ ಮೊದಲ ಕ್ಷಣ ಕಿರ್ರ್ ಅಂತ ಒಂದು ಶಬ್ದ ಬರುತ್ತದೆ ನೋಡಿ, ಆಗ ಕೈ ತಾನಾಗಿ ನಿಧಾನ ಮಾಡಲಿಕ್ಕೆ ನೋಡುತ್ತದೆ. ನಿಧಾನ ಮಾಡದೆ ಗಡಿಯಾರ ನೋಡಿಕೊಂಡು ಅದೇ ಲೆಕ್ಕದಲ್ಲಿ ತಿರುಗಿಸಿದರೆ ಶಬ್ದ ಇಳಿದು ಗರಗರ ಅಂತ ಒಂದೇ ಸಮ ಬರುತ್ತದೆ. ಚಿಪ್ಸ್ ಉಗುರಿನ ಚೂರಿನ ಹಾಗೆ ಸಣ್ಣ ಸಣ್ಣ ಸುರುಳಿ, ಬಣ್ಣ ಬದಲಾಗಿರಲಿಲ್ಲ. ಬಿಸಿ ಇತ್ತು. ಬರೇ ಪುಡಿ ಬಂದರೆ ಉಜ್ಜುತ್ತಿದೆ ಅಂತ ಅರ್ಥ ಅಂತ ಪೆರ್ಲದವರು ಫೋನಿನಲ್ಲಿ ಹೇಳಿದ್ದರು.

ಹಲ್ಲಿನ ಅಗಲ 5.93ರಿಂದ 5.95. ನಡುವಿನ ಉಬ್ಬನ್ನು ಒಂದು ಕಟರ್ ತೆಗೆದು, ಇನ್ನೊಂದನ್ನು ಸೆಂಟರಿಗೆ ತಂದು ಒಂದೊಂದು ಪಾಸ್ ಕೊಟ್ಟೆ, ಉಳಿದದ್ದಕ್ಕೆ ಅರ. ಎಸ್‌ಎಸ್‌ಗೆ ಅರ ಹಾಕುವುದು ಕಷ್ಟವೇ, ಹೊಸ ಅರ ಬೇಕು. ಹಬ್ಬಿಗೆ ಬ್ಲೂ (ಎಲ್ಲಿ ತಾಗುತ್ತದೆ ಅಂತ ತೋರಿಸುವ ನೀಲಿ ಬಣ್ಣ) ಹಚ್ಚಿ ತೂರಿಸಿ ನೋಡಿದಾಗ ಮೂರು ಹಲ್ಲಿನ ಪಕ್ಕಕ್ಕೆ ಬ್ಲೂ ಬಂತು, ಸ್ವಲ್ಪ ಎಣ್ಣೆಕಲ್ಲು ತಿಕ್ಕಿದ ಮೇಲೆ ಐದಕ್ಕೆ ಬಂತು. ಆರನೆಯದು ತಾಗುವುದಿಲ್ಲ, ಬಿಟ್ಟೆ.

ಹೊಸೂರು ಟೂಲ್‌ರೂಮ್:
ಐದು ತಾಗಿದರೆ ಬೇಕಾದಷ್ಟಾಯಿತು. ಭುಜದ (ಸ್ಪ್ಲೈನ್ ಮುಗಿದು ಶಾಫ್ಟ್ ದಪ್ಪವಾಗುವ ಜಾಗದ) ಹತ್ತಿರ ಕಟರ್ ಏರಿ ಹೋದ ಜಾಗ ಎಷ್ಟು ಬಂತು?

ಮುಳ್ಳೇರಿಯ ತೋಟ:
11 ಮಿಮೀ ಹತ್ತಿರ. ಹಬ್ ಅಲ್ಲಿಯವರೆಗೆ ಬರುವುದಿಲ್ಲ, ಜಾಗ ಬಿಟ್ಟಿದ್ದೆ.

ಹೊಸೂರು ಟೂಲ್‌ರೂಮ್:
63ರ ಕಟರ್, 2 ಆಳ, ಅಷ್ಟೇ ಬರಬೇಕು. ಬೇರೆಯವರು ಕೂಡ ಇದನ್ನು ಗಮನಿಸಿ. ಭುಜದವರೆಗೂ ಹಬ್ ಬರಬೇಕು ಅನ್ನುವ ಡಿಸೈನ್ ಆದರೆ ಈ ದಾರಿ ಆಗುವುದಿಲ್ಲ. ಅಲ್ಲಿ ಒಂದು ಗ್ರೂವ್ ತಿರುಗಿಸಿ ಟೂಲ್ ನಿಲ್ಲಲು ಜಾಗ ಮಾಡಿಕೊಂಡು ಶೇಪರಿಗೇ ಹೋಗಬೇಕು, ಇಲ್ಲ ಸಣ್ಣ ಕಟರ್ ಹುಡುಕಬೇಕು.

ಉಪ್ಪಳ ದೋಣಿ:
ಒಂದು ಮಾತು. ಎಸ್‌ಎಸ್ ಶಾಫ್ಟ್, ಕಬ್ಬಿಣದ ಹಬ್. ನಡುವೆ ಮೈಲುತುತ್ತಿನ ನೀರು ನಿಂತರೆ ಈ ಸಲ ಶಾಫ್ಟ್ ಬದಲು ಹಬ್ ತಿನ್ನುತ್ತದೆ. ಉಪ್ಪುನೀರಿನಲ್ಲಿ ದಿನಾ ನೋಡುವುದು ಇದನ್ನೇ. ಎಸ್‌ಎಸ್ ಕೂಡ ಸಂದಿಯಲ್ಲಿ ನೀರು ಕದಲದೆ ನಿಂತರೆ ಅಲ್ಲೇ ಗುಂಡಿ ಬೀಳುತ್ತದೆ.

ಹೊಸೂರು ಟೂಲ್‌ರೂಮ್:
ಸರಿಯಾದ ಮಾತು. ಜೊತೆಗೆ 304 ಮೆತ್ತಗಿದೆ, ಹಬ್ ಗಟ್ಟಿ. ಒಣಗಿದ ಹಾಗೆ ತೂರಿಸಿದರೆ ಅಂಟಿ ಕಿತ್ತುಕೊಳ್ಳುತ್ತದೆ, ಮತ್ತೆ ಸುತ್ತಿಗೆಯೇ ಗತಿ. ಹಲ್ಲಿಗೂ ದುಂಡು ತುದಿಗೂ ಆಂಟಿ ಸೀಜ್ ಪೇಸ್ಟ್ ಹಚ್ಚಿ, ತಾಮ್ರದ್ದು ಬೇಡ, ನಿಕಲ್‌ನದ್ದು ಹಚ್ಚಿ. ಹಬ್ಬಿನ ಬಾಯಿಗೆ ಒಂದು ರಬ್ಬರ್ ವಿ ರಿಂಗ್ ಶಾಫ್ಟಿನ ಮೇಲೆ ಕೂರಿಸಿ, ಅದರ ಕೆಳಗೆ ಒಂದು ದೊಡ್ಡ ಪ್ಲಾಸ್ಟಿಕ್ ವಾಶರ್. ಹನಿ ಅದಕ್ಕೇ ಹೊಡೆದು ಕೆಳಗೆ ಬೀಳುತ್ತದೆ.

ಪೆರ್ಲದ ಫಿಟ್ಟರ್:
ಮದ್ದು ಬಿಟ್ಟು ಮುಗಿದ ದಿನವೇ ಶಾಫ್ಟ್ ಎಳೆದು ತೊಳೆದು ಇಡಿ. ಎರಡನೇ ಸಲಕ್ಕೆ ಒಂದೂವರೆ ತಿಂಗಳು ಉಂಟಲ್ಲ ಅಂತ ಹಾಗೇ ಬಿಟ್ಟದ್ದಕ್ಕೇ ಹಳೇದು ಹಿಡಿದುಕೊಂಡದ್ದು. ಮತ್ತೆ ಆ ಜೋಡಿ ಕಟರ್, ಸ್ಪೇಸರ್ ಸಮೇತ ಯಾರಿಗೂ ಕೊಡಬೇಡಿ, ನನಗೆ ಬೇಕು. ನೀರ್ಚಾಲಿನಲ್ಲಿ ಒಬ್ಬರದ್ದು ಇದೇ ಗೇರ್‌ಬಾಕ್ಸ್ ಉಂಟು, ಶಾಫ್ಟ್ ಹೋಗಿದೆ.

ಮುಳ್ಳೇರಿಯ ತೋಟ:
ಬನ್ನಿ, ಆದಿತ್ಯವಾರ ಮನೆಯಲ್ಲೇ ಇರುತ್ತೇನೆ. ಆರ್ಬರ್, ಗೇರ್‌ಬಾಕ್ಸ್ ಎಲ್ಲ ಸೇರಿಸಿಯೇ ತೆಗೆದುಕೊಂಡು ಹೋಗಿ, ಬಿಚ್ಚಿದರೆ ಸೆಂಟರ್ ಎತ್ತರ ಮತ್ತೆ ಹೊಂದಿಸಬೇಕಾಗುತ್ತದೆ. ನಿಮ್ಮ ಲೇತ್ ಸೆಂಟರ್ ಎತ್ತರ ಎಷ್ಟು?

ಪೆರ್ಲದ ಫಿಟ್ಟರ್:
ನಿಮ್ಮದಕ್ಕಿಂತ ಜಾಸ್ತಿಯೇ ಇರಬೇಕು, ಅಳೆದು ಹೇಳುತ್ತೇನೆ. ಕೆಳಗೆ ಪ್ಯಾಕಿಂಗ್ ಪ್ಲೇಟ್ ಹಾಕಿದರಾಯಿತು.